ಪರದೇಶದ ಕ್ರಾಂತಿಯೂ ಸ್ವದೇಶದ ಕೂಲಿಯೂ

ಕೂಲಿಯ ದರವನ್ನು ನಿರ್ಣಯಿಸುವುದು ಯಾವುದೆಂದು ಕೇಳಿದರೆ ಅರ್ಥಶಾಸ್ತ್ರವನ್ನು ಬಲ್ಲವರು ಬೇಡಿಕೆ ಪೂರೈಕೆಗಳ ತಕ್ಕಡಿಯನ್ನು ತೋರಿಸುವರು. ಕೆಲಸ ಹೆಚ್ಚಿ ಆಳು ಕಡಿಮೆಯಾದರೆ ಕೂಲಿ ಏರುವುದು. ಆಳು ಹೆಚ್ಚಿ ಕೆಲಸ ಕಡಿಮೆಯಾದರೆ ಇಳಿಯುವುದು. ಈ ಮಾತು ಸುಳ್ಳಲ್ಲ. ಆದರೆ ಇತಿಹಾಸದ ಪುಟಗಳನ್ನು ತಿರುವಿ ನೋಡಿದರೆ, ಈ ತಕ್ಕಡಿಯ ತಟ್ಟೆಯೊಳಗೆ ಅಂಗಡಿಯ ಲೆಕ್ಕದಲ್ಲಿ ಸೇರದ ಇನ್ನೊಂದು ಕಲ್ಲೂ ಒಮ್ಮೊಮ್ಮೆ ಬಿದ್ದಿರುವುದು ಕಂಡುಬರುತ್ತದೆ. ಅದು ಭಯದ ಕಲ್ಲು. ನೆರೆಮನೆಗೆ ಬೆಂಕಿ ಬಿದ್ದಾಗ ತನ್ನ ಮಾಡಿನ ಮೇಲೆ ನಾಲ್ಕು ಕೊಡ ನೀರು ಚೆಲ್ಲದ ಗೃಹಸ್ಥನುಂಟೆ? ಒಂದು ದೇಶದಲ್ಲಿ ಸಮಾಜಸತ್ತಾವಾದಿಗಳು ಬಲಗೊಂಡಾಗ ಇನ್ನೊಂದು ದೇಶದ ಬಂಡವಲಿಗರು ತಮ್ಮ ಕೂಲಿಕಾರರ ವಿಷಯದಲ್ಲಿ ಒಮ್ಮಿಂದೊಮ್ಮೆ ಉದಾರಿಗಳಾದ ಸಂದರ್ಭಗಳು ಹಲವಿವೆ. ಉದಾರತೆಯು ಎಷ್ಟು ದಿನ ನಿಂತಿತು, ಏನನ್ನು ಕೊಟ್ಟಿತು, ಏನನ್ನು ಮರಳಿ ಕಿತ್ತುಕೊಂಡಿತು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ವಿಷಯದಲ್ಲಿ ವಾದಿಗಳದು ಎರಡು ಪಕ್ಷ. ಕಾರ್ಮಿಕನಿಗೆ ಸಿಕ್ಕಿದ್ದೆಲ್ಲವೂ ರಷ್ಯಾದ ಕ್ರಾಂತಿಯ ಪ್ರಸಾದವೆನ್ನುವವರು ಒಂದು ಕಡೆ. ಯಂತ್ರಗಳೂ ವ್ಯಾಪಾರವೂ ಬೆಳೆದುದರಿಂದ ಕೂಲಿಯು ತಾನಾಗಿಯೇ ಏರಿತೆನ್ನುವವರು ಇನ್ನೊಂದು ಕಡೆ. ಇಬ್ಬರೂ ತಾರೀಖುಗಳನ್ನು ಸರಿಯಾಗಿ ನೋಡುವುದಿಲ್ಲ. ತಾರೀಖುಗಳನ್ನು ನೋಡುತ್ತ ಹೋದರೆ ಇಬ್ಬರ ಮಾತಿಗೂ ತಿದ್ದುಪಡಿ ಬೇಕಾಗುತ್ತದೆ.

ಭಯದಿಂದ ಹುಟ್ಟಿದ ಸುಧಾರಣೆಯ ಕತೆಯು ರಷ್ಯಾದ ಕ್ರಾಂತಿಗಿಂತ ಹಳೆಯದು. ಜರ್ಮನಿಯ ಪ್ರಧಾನನಾದ ಬಿಸ್ಮಾರ್ಕನು 1878ರಲ್ಲಿ, ಚಕ್ರವರ್ತಿಯ ಮೇಲೆ ಎರಡು ಸಲ ಗುಂಡು ಹಾರಿದುದನ್ನೇ ನೆವಮಾಡಿಕೊಂಡು, ಸಮಾಜಸತ್ತಾವಾದಿಗಳ ಸಭೆ, ಸಂಘ, ಪತ್ರಿಕೆಗಳನ್ನೆಲ್ಲ ನಿಷೇಧಿಸಿದನು. ಅದೇ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರ ರೋಗವಿಮೆಯನ್ನೂ, 1884ರಲ್ಲಿ ಅಪಘಾತ ವಿಮೆಯನ್ನೂ, 1889ರಲ್ಲಿ ಮುಪ್ಪು ಹಾಗೂ ಅಂಗವೈಕಲ್ಯಗಳ ವಿಮೆಯನ್ನೂ ಜಾರಿಗೆ ತಂದನು. ಅಪಘಾತ ವಿಮೆಯ ಖರ್ಚೆಲ್ಲ ಮಾಲಕರದು; ರೋಗವಿಮೆಯಲ್ಲಿ ಮೂರರಲ್ಲೊಂದು ಪಾಲು ಅವರದು. ಇದು ಕೈಗೆ ಬರುವ ಕೂಲಿಯಲ್ಲದಿದ್ದರೂ ಕೂಲಿಯ ಒಂದು ಭಾಗವೇ ಸರಿ. ಬಿಸ್ಮಾರ್ಕನು ಈ ಕಾರಣವನ್ನು ಮುಚ್ಚಿಡಲಿಲ್ಲ. 1884ರ ನವೆಂಬರದಲ್ಲಿ ರಾಷ್ಟ್ರಸಭೆಯಲ್ಲಿ ಮಾತಾಡುತ್ತ, ಸಮಾಜಸತ್ತಾವಾದಿ ಪಕ್ಷವು ಇಲ್ಲದಿದ್ದರೆ, ಅನೇಕರು ಅದಕ್ಕೆ ಹೆದರದಿದ್ದರೆ, ಈವರೆಗೆ ಆದ ಅಲ್ಪಸ್ವಲ್ಪ ಸುಧಾರಣೆಯೂ ಆಗುತ್ತಿರಲಿಲ್ಲವೆಂದು ಬಾಯಿಬಿಟ್ಟು ಹೇಳಿದನು. ರಾಜಕಾರಣಿಗಳ ಬಾಯಲ್ಲಿ ಇಷ್ಟು ನಿಚ್ಚಳವಾದ ಸತ್ಯವು ಬರುವುದು ಅಪರೂಪ. ಆದರೂ ಅವನ ಉಪಾಯವು ಫಲಿಸಲಿಲ್ಲ. 1890ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಹದಿನಾಲ್ಕು ಲಕ್ಷಕ್ಕೂ ಮಿಕ್ಕ ಮತಗಳು ಬಿದ್ದವು. ಅದೇ ವರುಷ ನಿಷೇಧದ ಕಾಯಿದೆಯೂ ಬಿದ್ದುಹೋಯಿತು, ಬಿಸ್ಮಾರ್ಕನೂ ಅಧಿಕಾರ ಬಿಟ್ಟನು.

ಆದರೆ ಬಿಸ್ಮಾರ್ಕನು ಹೆದರಿದ್ದು ತನ್ನ ಮನೆಯೊಳಗಿನ ಸಮಾಜಸತ್ತಾವಾದಿಗಳಿಗೆ. ಪರದೇಶದ ಬೆಂಕಿಗೆ ಒಂದು ಖಂಡವೇ ಹೆದರಿದ್ದು 1917ರ ನಂತರ. ಆ ವರುಷದ ನವೆಂಬರ 7ರಂದು ಪೆತ್ರೊಗ್ರಾದಿನಲ್ಲಿ ಬೋಲ್ಶೆವಿಕರು ಅಧಿಕಾರವನ್ನು ಹಿಡಿದರು. ನಾಲ್ಕೇ ದಿನಗಳಲ್ಲಿ, ನವೆಂಬರ 11ರಂದು, ದಿನಕ್ಕೆ ಎಂಟೇ ತಾಸು ದುಡಿಮೆ ಎಂಬ ಆಜ್ಞೆಯು ಹೊರಬಿದ್ದಿತು. ಎಂಟು ತಾಸಿನ ಬೇಡಿಕೆಯು ಹೊಸದಲ್ಲ. 1889ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಸಮಾಜಸತ್ತಾವಾದಿಗಳ ಪರಿಷತ್ತು ಅದನ್ನು ಮೇ ತಿಂಗಳ ಮೊದಲನೆಯ ದಿನದ ಮಂತ್ರವನ್ನಾಗಿ ಮಾಡಿ ಆಗಲೇ ಇಪ್ಪತ್ತೆಂಟು ವರುಷಗಳಾಗಿದ್ದವು. ಆ ಇಪ್ಪತ್ತೆಂಟು ವರುಷಗಳಲ್ಲಿ ಯುರೋಪಿನ ಯಾವ ದೊಡ್ಡ ರಾಜ್ಯವೂ ಎಲ್ಲ ಕೈಗಾರಿಕೆಗಳಿಗೆ ಅನ್ವಯಿಸುವಂತೆ ಅದನ್ನು ಕಾಯಿದೆಯಾಗಿ ಮಾಡಿರಲಿಲ್ಲ. ಬಳಿಕ 1918ರ ನವೆಂಬರದಿಂದ 1919ರ ಕೊನೆಯೊಳಗಾಗಿ ಜರ್ಮನಿ, ಫ್ರಾನ್ಸ್, ಸ್ಪೇನ್, ಸ್ವಿಟ್ಜರ್ಲೆಂಡ್, ನಾರ್ವೆ, ಸ್ವೀಡನ್ ಮೊದಲಾದ ದೇಶಗಳು ಒಂದರ ಹಿಂದೊಂದು ಅದನ್ನು ಒಪ್ಪಿದವು. ಕೂಲಿಯ ವಿಚಾರದಲ್ಲಿ ತಾಸುಗಳ ಮಾತೇಕೆಂದು ಯಾರೂ ಕೇಳಬಾರದು. ಮೊದಲಿನ ಕೂಲಿಯನ್ನೇ ಕೊಟ್ಟು ಹತ್ತು ತಾಸನ್ನು ಎಂಟಕ್ಕೆ ಇಳಿಸಿದರೆ ತಾಸಿನ ಕೂಲಿಯು ನಾಲ್ಕಾಣೆ ಪಾಲು ಏರಿದಂತೆಯೇ ಆಯಿತು.

ಜರ್ಮನಿಯ ಸಂಗತಿಯನ್ನು ತುಸು ನಿಧಾನವಾಗಿ ನೋಡುವುದು ಒಳ್ಳೆಯದು. ಭಯವು ಕೂಲಿಯಾಗಿ ಮಾರ್ಪಡುವ ಬಗೆಯು ಅಲ್ಲಿ ಕೈಯಲ್ಲಿ ಹಿಡಿದು ನೋಡುವಷ್ಟು ಸ್ಪಷ್ಟವಾಗಿದೆ. ಮಹಾಯುದ್ಧದ ಮೊದಲು ಅಲ್ಲಿನ ಕಬ್ಬಿಣ, ಉಕ್ಕು, ಕಲ್ಲಿದ್ದಲುಗಳ ಒಡೆಯರು ಕಾರ್ಮಿಕ ಸಂಘಗಳೊಡನೆ ಮಾತಾಡುವುದನ್ನೇ ಅವಮಾನವೆಂದು ಭಾವಿಸುತ್ತಿದ್ದರು. ಸಂಘ ಸೇರಿದವನಿಗೆ ಕೆಲಸವಿಲ್ಲ. ಮಾಲಕರೇ ಹಣಕೊಟ್ಟು ಸಾಕಿದ ಹಳದಿ ಸಂಘಗಳಿಗೆ ಮಾತ್ರ ಮನ್ನಣೆ. 1918ರ ಅಕ್ಟೋಬರದಲ್ಲಿ ಯುದ್ಧವು ಸೋತಿತೆಂದು ತಿಳಿಯುತ್ತಲೇ ಇದೇ ಒಡೆಯರು ಸಂಘಗಳ ಮುಖಂಡರನ್ನು ತಾವಾಗಿ ಮಾತಿಗೆ ಕರೆದರು. ನವೆಂಬರದ ಮೊದಲ ವಾರದಲ್ಲಿ ಕೀಲ್ ಬಂದರದಲ್ಲಿ ನಾವಿಕರು ದಂಗೆ ಎದ್ದರು. ಊರೂರಿನಲ್ಲಿ ಕಾರ್ಮಿಕರ, ಸೈನಿಕರ ಮಂಡಲಗಳು ರಷ್ಯಾದ ಮಾದರಿಯಲ್ಲಿ ಏರ್ಪಟ್ಟವು. 9ನೆಯ ತಾರೀಖಿಗೆ ಚಕ್ರವರ್ತಿಯು ಸಿಂಹಾಸನ ಬಿಟ್ಟನು. ಆರು ದಿನಗಳ ತರುವಾಯ, ನವೆಂಬರ 15ರಂದು, ಕೈಗಾರಿಕೆಯ ಒಡೆಯರ ಪರವಾಗಿ ಹ್ಯೂಗೋ ಸ್ಟಿನ್ನೆಸನೂ ಕಾರ್ಮಿಕ ಸಂಘಗಳ ಪರವಾಗಿ ಕಾರ್ಲ್ ಲೇಗಿಯೆನನೂ ಮುಂದಾಳುಗಳಾಗಿದ್ದು ಒಂದು ಒಪ್ಪಂದಕ್ಕೆ ಸಹಿಯಾಯಿತು.

ಒಪ್ಪಂದದ ಕಲಮುಗಳನ್ನು ಓದಿದರೆ ಯಾರಿಗಾದರೂ ಆಶ್ಚರ್ಯವಾಗುವಂತಿದೆ. ಸಂಘಗಳೇ ಕಾರ್ಮಿಕರ ನಿಜವಾದ ಪ್ರತಿನಿಧಿಗಳೆಂದು ಮಾಲಕರು ಒಪ್ಪಿದರು. ಹಳದಿ ಸಂಘಗಳಿಗೆ ಕೊಡುತ್ತಿದ್ದ ಸಹಾಯವನ್ನು ನಿಲ್ಲಿಸಿದರು. ಕೂಲಿಯನ್ನು ಸಾಮೂಹಿಕ ಕರಾರುಗಳಿಂದ ನಿಶ್ಚಯಿಸುವುದೆಂದಾಯಿತು. ಯುದ್ಧದಿಂದ ಮರಳಿದವನಿಗೆ ಅವನ ಹಳೆಯ ಕೆಲಸವೇ ಸಿಗಬೇಕೆಂದಾಯಿತು. ಐವತ್ತು ಮಂದಿಗೆ ಕಡಿಮೆಯಿಲ್ಲದೆ ಆಳುಗಳುಳ್ಳ ಕಾರಖಾನೆಗಳಲ್ಲಿ ಕಾರ್ಮಿಕರ ಸಮಿತಿಗಳು ಇರಬೇಕೆಂದಾಯಿತು. ಎಲ್ಲಕ್ಕೂ ಮಿಗಿಲಾಗಿ, ಕೂಲಿಯನ್ನು ಕಡಿಮೆ ಮಾಡದೆ ಎಂಟು ತಾಸಿನ ದಿನವನ್ನು ಒಪ್ಪಿದರು. ನಲವತ್ತು ವರುಷಗಳ ಹೋರಾಟದಿಂದ ಸಿಗದುದು ಆರು ವಾರಗಳ ಮಾತುಕತೆಯಿಂದ ಸಿಕ್ಕಿತು. ಕಬ್ಬಿಣ ಉಕ್ಕಿನ ಉದ್ಯಮಿಗಳ ಸಂಘದ ಕಾರ್ಯನಿರ್ವಾಹಕನಾಗಿದ್ದ ಯಾಕೊಬ್ ರೈಖರ್ಟನು ಇದರ ಗುಟ್ಟನ್ನು ಬಳಿಕ ಬಿಚ್ಚಿ ಹೇಳಿದನು: ಕೈಗಾರಿಕೆಯನ್ನು ಸರಕಾರದ ಸ್ವತ್ತಾಗದಂತೆ ಉಳಿಸುವುದು ಹೇಗೆಂಬುದೇ ಪ್ರಶ್ನೆಯಾಗಿದ್ದಿತು, ಸರಕಾರವು ದುರ್ಬಲ, ಮಧ್ಯಮ ವರ್ಗವು ದುರ್ಬಲ, ಬಲವಾದ ಮಿತ್ರರು ಸಿಗುವಂತಿದ್ದುದು ಕಾರ್ಮಿಕರಲ್ಲಿ, ಎಂದರೆ ಸಂಘಗಳಲ್ಲಿ ಮಾತ್ರ. ಮಾಲಕರು ಎಂಟು ತಾಸನ್ನು ಕೊಟ್ಟು ಕಾರಖಾನೆಯನ್ನು ಉಳಿಸಿಕೊಂಡರೆಂದು ಇದರರ್ಥ.

ಆದರೆ ಅದೇ ಒಪ್ಪಂದದ ಜತೆಗೆ ಮಾಲಕರು ಇನ್ನೊಂದು ಮಾತನ್ನು ಸೇರಿಸಿದ್ದರು. ಉಳಿದ ಸುಧಾರಿತ ರಾಷ್ಟ್ರಗಳೂ ಎಂಟು ತಾಸನ್ನು ಒಪ್ಪಿದರೆ ಮಾತ್ರ ಅದು ಜರ್ಮನಿಯಲ್ಲಿ ಸ್ಥಿರವಾಗಿ ನಿಲ್ಲಬಹುದೆಂಬುದೇ ಆ ಮಾತು. ಇದರಲ್ಲಿ ಕಪಟವಿದ್ದರೂ ಇರಲಿ, ತರ್ಕವೂ ಇದ್ದಿತು. ಒಂದು ದೇಶವು ಕೂಲಿಯನ್ನು ಏರಿಸಿ ನೆರೆಯ ದೇಶವು ಏರಿಸದಿದ್ದರೆ ಪೇಟೆಯಲ್ಲಿ ಮೊದಲನೆಯದರ ಸರಕು ತುಟ್ಟಿಯಾಗುವುದು. ಕ್ರಾಂತಿಯ ಭಯವು ಎಲ್ಲ ದೇಶಗಳಿಗೂ ಒಮ್ಮೆಗೇ ತಟ್ಟಿದುದರಿಂದಲೇ ಈ ಹಳೆಯ ಆಕ್ಷೇಪವು ಒಂದೆರಡು ವರುಷ ಬಲಗುಂದಿತು. ಪರದೇಶದ ಚಳವಳಿಯು ಸ್ವದೇಶದ ಕೂಲಿಯ ಮೇಲೆ ಪರಿಣಾಮ ಮಾಡುವ ಈ ದಾರಿಯನ್ನು ಬಹಳ ಜನ ಗಮನಿಸುವುದಿಲ್ಲ.

ಇದೇ ವಾರದಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಸಂಗತಿಯೂ ಮನನೀಯವಾದದ್ದು. ನವೆಂಬರ 12ರಿಂದ 14ರ ವರೆಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸರಕಾರವು ದಂಡನ್ನು ಕರೆಯಿಸಿತು. ಗ್ರೆಂಖೆನ್ ಎಂಬ ಗಡಿಯಾರಗಳ ಊರಿನಲ್ಲಿ ಮೂವರು ಗುಂಡಿಗೆ ಬಲಿಯಾದರು. ಮುಖಂಡರು ಯಾವ ಶರತ್ತೂ ಇಲ್ಲದೆ ಮುಷ್ಕರವನ್ನು ಹಿಂತೆಗೆದುಕೊಂಡರು. ಅವರಲ್ಲಿ ಕೆಲವರು ಸೆರೆಮನೆಗೂ ಹೋದರು. ಕಾರ್ಮಿಕರ ಪತ್ರಿಕೆಗಳು ಅದನ್ನು ಸೋಲೆಂದೇ ಬರೆದವು. ಆದರೂ ಮುಂದಿನ ವರುಷವೇ ಸ್ವಿಸ್ ಕಾರಖಾನೆಗಳಲ್ಲಿ ವಾರಕ್ಕೆ 48 ತಾಸಿನ ಕಾಯಿದೆಯು ಬಂದಿತು. ಸೋತ ಮುಷ್ಕರವು ಬೇಡಿದುದನ್ನು ಗೆದ್ದ ಸರಕಾರವು ಕೊಟ್ಟಿತು! ಗಡಿಯ ಆಚೆ ಮ್ಯೂನಿಕ್ ನಗರದಲ್ಲಿ 1919ರ ಎಪ್ರಿಲಿನಲ್ಲಿ ಸೋವಿಯೆತ್ ಗಣರಾಜ್ಯದ ಘೋಷಣೆಯಾಗುತ್ತಿರಲು, ಬರ್ನಿನ ಮಂತ್ರಿಗಳಿಗೆ ತಮ್ಮ ಗೆಲುವಿನ ಮೇಲೆ ಪೂರ್ಣ ನಂಬಿಕೆ ಇದ್ದಿರಲಾರದು.

ಇಂಗ್ಲೆಂಡು ಯುದ್ಧವನ್ನು ಗೆದ್ದ ದೇಶ. ಅಲ್ಲಿ ಸಿಂಹಾಸನವು ಅಲುಗಾಡಲಿಲ್ಲ. ಆದರೆ ಅಲ್ಲಿಯೂ 1919ರ ಮೊದಲ ತಿಂಗಳುಗಳು ಕಳವಳದಿಂದ ತುಂಬಿದ್ದವು. ಯಂತ್ರಶಿಲ್ಪಿಗಳ ಮತ್ತು ಹಡಗು ಕಟ್ಟುವವರ ವಾರದ ದುಡಿಮೆಯು ಜನವರಿ 1ರಿಂದ 54 ತಾಸಿನಿಂದ 47ಕ್ಕೆ ಇಳಿದಿದ್ದಿತು. ಗ್ಲಾಸ್ಗೋ ನಗರದ ಕಾರ್ಮಿಕರಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಅವರು 40 ತಾಸನ್ನು ಬೇಡಿ ಜನವರಿ 27ರಂದು ಮುಷ್ಕರ ಹೂಡಿದರು. 31ರಂದು ಜಾರ್ಜ್ ಚೌಕದಲ್ಲಿ ಪೊಲೀಸರಿಗೂ ಜನರಿಗೂ ಘರ್ಷಣೆಯಾದಾಗ, ಸ್ಕಾಟ್ಲೆಂಡಿನ ಮಂತ್ರಿಯು ಇದು ಮುಷ್ಕರವಲ್ಲ, ಬೋಲ್ಶೆವಿಕ ದಂಗೆಯೆಂದು ಮಂತ್ರಿಮಂಡಲಕ್ಕೆ ತಿಳಿಸಿದನು. ದಂಡೂ ಟ್ಯಾಂಕುಗಳೂ ನಗರಕ್ಕೆ ಬಂದವು. ಅದು ದಂಗೆಯಾಗಿರಲಿಲ್ಲವೆಂಬುದು ಇಂದು ಎಲ್ಲರಿಗೂ ಒಪ್ಪಿತವಾದ ಮಾತು. ಆದರೆ ಮಂತ್ರಿಗಳಿಗೆ ಹಾಗೆ ಕಂಡಿತೆಂಬುದೇ ಇಲ್ಲಿ ಮುಖ್ಯ. ಹಗ್ಗವನ್ನು ಹಾವೆಂದು ತಿಳಿದವನೂ ನಿಜವಾಗಿಯೇ ಹಾರುತ್ತಾನೆ.

ಇಷ್ಟರಲ್ಲಿ ಕಲ್ಲಿದ್ದಲ ಗಣಿಗಳ ಕೆಲಸಗಾರರು ಮುಂದೆ ಬಂದರು. ನೂರಕ್ಕೆ 30ರಷ್ಟು ಹೆಚ್ಚು ಕೂಲಿ, ಆರು ತಾಸಿನ ದಿನ, ಗಣಿಗಳು ರಾಷ್ಟ್ರದ ಸ್ವತ್ತಾಗಬೇಕು ಎಂಬಿವು ಅವರ ಬೇಡಿಕೆಗಳು. ಪ್ರಧಾನ ಮಂತ್ರಿ ಲಾಯ್ಡ್ ಜಾರ್ಜನು ನ್ಯಾಯಾಧೀಶ ಸ್ಯಾಂಕಿಯ ಅಧ್ಯಕ್ಷತೆಯಲ್ಲಿ ಒಂದು ಕಮಿಶನ್ನನ್ನು ನೇಮಿಸಿ ಮುಷ್ಕರವನ್ನು ತಡೆದನು. ಮಾರ್ಚ್ 20ರಂದು ಅದರ ಮೊದಲ ವರದಿ ಹೊರಬಂದಿತು: ದಿನಕ್ಕೆ ಎರಡು ಶಿಲಿಂಗ್ ಹೆಚ್ಚು ಕೂಲಿ, ಎಂಟು ತಾಸಿನ ಬದಲು ಏಳು ತಾಸು. ಸರಕಾರವು ಕೂಡಲೆ ಒಪ್ಪಿತು. ಮರುದಿನ, ಮಾರ್ಚ್ 21ರಂದು, ಹಂಗೆರಿಯಲ್ಲಿ ಬೇಲಾ ಕುನ್ ಎಂಬವನ ಪಕ್ಷವು ಸೋವಿಯೆತ್ ರಾಜ್ಯವನ್ನು ಸ್ಥಾಪಿಸಿತು. ನಾಲ್ಕು ದಿನಗಳ ಬಳಿಕ, 25ರಂದು, ಶಾಂತಿಪರಿಷತ್ತಿಗೆಂದು ಫ್ರಾನ್ಸಿನಲ್ಲಿದ್ದ ಲಾಯ್ಡ್ ಜಾರ್ಜನು ಫಾಂಟೆನ್‌ಬ್ಲೋ ಎಂಬಲ್ಲಿ ಒಂದು ಟಿಪ್ಪಣಿಯನ್ನು ಸಿದ್ಧಪಡಿಸಿದನು. ಯುರೋಪಿನ ತುಂಬ ಕ್ರಾಂತಿಯ ವಾತಾವರಣವಿದೆ, ಯುದ್ಧಪೂರ್ವದ ಸ್ಥಿತಿಯ ವಿಷಯವಾಗಿ ಕಾರ್ಮಿಕರಲ್ಲಿ ಅಸಮಾಧಾನವಷ್ಟೇ ಅಲ್ಲ, ಕ್ರೋಧವೇ ಇದೆ, ಜರ್ಮನಿಯೂ ಬೋಲ್ಶೆವಿಕರ ಕೈಸೇರಿದರೆ ಗತಿಯೇನು ಎಂಬ ಅರ್ಥದ ಮಾತುಗಳು ಅದರಲ್ಲಿವೆ. ಬರೆದವನು ಗುಡ್ಡದ ತುದಿಯ ಕ್ರಾಂತಿಕಾರನಲ್ಲ, ಜಗತ್ತಿನ ಅತಿ ದೊಡ್ಡ ಸಾಮ್ರಾಜ್ಯದ ಪ್ರಧಾನಮಂತ್ರಿ. ಆ ಒಂದು ವರುಷದೊಳಗೆ ಇಂಗ್ಲೆಂಡಿನಲ್ಲಿ ಅರುವತ್ತು ಲಕ್ಷಕ್ಕೂ ಮಿಕ್ಕ ಕೆಲಸಗಾರರ ವಾರದ ದುಡಿಮೆಯು ಸರಾಸರಿ ಆರು ತಾಸುಗಳಿಗಿಂತ ಹೆಚ್ಚು ಕಡಿಮೆಯಾಯಿತು.

ಫ್ರಾನ್ಸಿನ ಮಾತನ್ನು ಚಿಕ್ಕದಾಗಿ ಹೇಳಬಹುದು. ಕ್ಲೆಮಾಂಸೋವಿನ ಸರಕಾರವು 1919ರ ಎಪ್ರಿಲ್ 23ರಂದು ಎಂಟು ತಾಸಿನ ಕಾಯಿದೆಯನ್ನು ಜಾರಿಗೆ ಕೊಟ್ಟಿತು. ಮೇ 1ಕ್ಕೆ ಎಂಟೇ ದಿನಗಳಿದ್ದವು. ಪಂಚಾಂಗ ನೋಡಿ ಮುಹೂರ್ತವಿಟ್ಟಂತೆ! ಅದಕ್ಕೆ ಮೊದಲೇ ಎಪ್ರಿಲ್ 3ರಂದು ಸ್ಪೇನಿನ ಅರಸನು, ಬಾರ್ಸಿಲೋನಾ ನಗರವನ್ನು ಕತ್ತಲಲ್ಲಿಟ್ಟ ವಿದ್ಯುತ್ ಕಾರ್ಮಿಕರ ಮುಷ್ಕರದ ದೆಸೆಯಿಂದ, ಅಂಥದೇ ಆಜ್ಞೆಗೆ ಸಹಿ ಹಾಕಿದ್ದನು.

ಇಷ್ಟಕ್ಕೂ ಇದೆಲ್ಲ ರಷ್ಯಾದ ಭಯದಿಂದಲೇ ಆಯಿತೆಂದು ಹೇಳುವುದು ಹೇಗೆ? ಯುದ್ಧಕಾಲದಲ್ಲಿ ಆಳುಗಳ ಅಭಾವದಿಂದ ಸಂಘಗಳು ಬೆಳೆದಿದ್ದವು. ಬೆಲೆಗಳು ಏರಿ ಕೂಲಿಯನ್ನು ತಮ್ಮ ಹಿಂದೆ ಎಳೆಯುತ್ತಿದ್ದವು. ಹಲವು ದೇಶಗಳಲ್ಲಿ ಬಡವರಿಗೂ ಹೆಂಗಸರಿಗೂ ಹೊಸದಾಗಿ ಮತಾಧಿಕಾರ ಬಂದಿದ್ದಿತು. ಲಕ್ಷಗಟ್ಟಲೆ ಸೈನಿಕರು ಕೆಲಸ ಹುಡುಕುತ್ತ ಮನೆಗೆ ಮರಳುತ್ತಿದ್ದರು. ಇವೆಲ್ಲವೂ ಕಾರಣಗಳೇ. ಈ ಆಕ್ಷೇಪಕ್ಕೆ ಉತ್ತರ ಕೊಡುವುದಕ್ಕೆ ಈಚೆಗೆ ರಸ್ಮುಸೆನ್, ಕ್ನುಟ್ಸೆನ್ ಎಂಬ ನಾರ್ವೆಯ ಇಬ್ಬರು ವಿದ್ವಾಂಸರು ಒಂದು ಜಾಣ್ಮೆಯ ಅಳತೆಗೋಲನ್ನು ಹುಡುಕಿದರು. 1919ರ ಮಾರ್ಚಿನಲ್ಲಿ ಮಾಸ್ಕೋದಲ್ಲಿ ಕೂಡಿದ ಬೋಲ್ಶೆವಿಕ ಅಂತರರಾಷ್ಟ್ರೀಯದ ಮೊದಲ ಪರಿಷತ್ತಿಗೆ ಯಾವ ಯಾವ ದೇಶಗಳ ಕಾರ್ಮಿಕರ ಗುಂಪುಗಳಿಗೆ ಕರೆ ಹೋಗಿದ್ದಿತೆಂದು ನೋಡಿ, ಕರೆ ಹೋದ ದೇಶಗಳನ್ನೂ ಹೋಗದ ದೇಶಗಳನ್ನೂ ಅವರು ಹೋಲಿಸಿದರು. ಕರೆ ಹೋದ ಕಡೆಗಳಲ್ಲಿ ದುಡಿಮೆಯ ತಾಸುಗಳು ಹೆಚ್ಚಾಗಿ ಇಳಿದವೆಂದೂ, ಕಾರ್ಮಿಕರ ವಿಮೆ ಮೊದಲಾದ ಸೌಕರ್ಯಗಳು ಹೆಚ್ಚಾಗಿ ಬೆಳೆದವೆಂದೂ ಅವರ ವಾದ. 2023ರಲ್ಲಿ ಅವರ ಪುಸ್ತಕವು ಹೊರಬಂದಿತು. ಅವರ ಸ್ವದೇಶವೇ ಒಳ್ಳೆಯ ಉದಾಹರಣೆಯಾಗಿದೆ. ಯುದ್ಧದಲ್ಲಿ ಕೂಡದ, ಸೋಲನ್ನೂ ಕಾಣದ ನಾರ್ವೆಯಲ್ಲಿ 1918ರಲ್ಲಿ ಮಾರ್ಟಿನ್ ಟ್ರಾನ್ಮೆಲನ ಉಗ್ರ ಗುಂಪು ಕಾರ್ಮಿಕ ಪಕ್ಷವನ್ನು ಕೈವಶ ಮಾಡಿಕೊಂಡಿತು. ಮರುವರುಷ ಆ ಪಕ್ಷವು ಮಾಸ್ಕೋದ ಅಂತರರಾಷ್ಟ್ರೀಯವನ್ನು ಸೇರಿತು. ಅದೇ 1919ರಲ್ಲಿ ನಾರ್ವೆಯ ಪಾರ್ಲಿಮೆಂಟು ವಾರಕ್ಕೆ 48 ತಾಸಿನ ಕಾಯಿದೆಯನ್ನು ಒಪ್ಪಿತು. ಯುದ್ಧದ ಗಾಯವಿಲ್ಲದ ಮೈಯಲ್ಲಿಯೂ ಇದೇ ಚಿಹ್ನೆ ಕಂಡಮೇಲೆ, ಎಲ್ಲವನ್ನೂ ಯುದ್ಧದ ತಲೆಗೆ ಕಟ್ಟುವುದು ಸರಿಯಾಗಲಾರದು.

ಆದರೆ ಭಯವು ಎಲ್ಲೆಡೆಯೂ ಕೈಯನ್ನು ಸಡಿಲಿಸುವುದೆಂಬ ನಿಯಮವಿಲ್ಲ. ಅಮೇರಿಕಾದಲ್ಲಿ ಅದು ಮುಷ್ಟಿಯನ್ನು ಬಿಗಿಗೊಳಿಸಿತು. 1919ರ ಸೆಪ್ಟೆಂಬರದಲ್ಲಿ ಅಲ್ಲಿನ ಉಕ್ಕಿನ ಕಾರಖಾನೆಗಳ ಸುಮಾರು ಮೂರೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ಎಷ್ಟೋ ಜನ ದಿನಕ್ಕೆ ಹನ್ನೆರಡು ತಾಸು ಕುಲುಮೆಯ ಮುಂದೆ ದುಡಿಯುವವರು. ಸಂಯುಕ್ತ ಸಂಸ್ಥಾನಗಳ ಉಕ್ಕಿನ ಕಾರ್ಪೊರೇಶನ್ನಿನ ಮುಖ್ಯಸ್ಥನಾದ ಎಲ್ಬರ್ಟ್ ಗ್ಯಾರಿಯು ಅವರ ಮುಖಂಡರ ಮುಖವನ್ನು ನೋಡಲೂ ಒಪ್ಪಲಿಲ್ಲ. ಮುಷ್ಕರದವರು ರಷ್ಯಾದ ಪಿತೂರಿಗಾರರೆಂದು ಪತ್ರಿಕೆಗಳು ಕೂಗಿದವು. ಪೂರ್ವ ಯುರೋಪಿನಿಂದ ಬಂದ ಕೂಲಿಗಳು ಅವರಲ್ಲಿ ಬಹುಸಂಖ್ಯರಾಗಿದ್ದುದು ಈ ಕೂಗಿಗೆ ಅನುಕೂಲವಾಯಿತು. ನವೆಂಬರದಿಂದ ಜನವರಿಯ ವರೆಗೆ ಅಟಾರ್ನಿ ಜನರಲ್ ಪಾಮರನ ಅಪ್ಪಣೆಯಂತೆ ಸಾವಿರಾರು ಜನರ ಬಂಧನವಾಯಿತು. 1920ರ ಜನವರಿಯಲ್ಲಿ ಮುಷ್ಕರವು ಬರಿಗೈಯಲ್ಲಿ ಮುಗಿಯಿತು. ಹನ್ನೆರಡು ತಾಸಿನ ಪಾಳಿಯು 1923ರ ವರೆಗೆ ಮುಂದುವರಿದು, ಕಡೆಗೆ ಅಧ್ಯಕ್ಷ ಹಾರ್ಡಿಂಗನ ಒತ್ತಾಯದ ಮೇಲೆ ಹೋಯಿತು. ಯುರೋಪಿನಲ್ಲಿ ಕಾರ್ಮಿಕರ ಪಕ್ಷಗಳೂ ಸಂಘಗಳೂ ಬಲವಾಗಿದ್ದವು. ಹೆದರಿದ ಮಾಲಕನಿಗೆ ಒಪ್ಪಂದ ಮಾಡಿಕೊಳ್ಳಲು ಎದುರಿಗೆ ಒಬ್ಬನಿದ್ದನು. ಅಮೇರಿಕಾದ ಉಕ್ಕಿನ ಒಡೆಯನ ಎದುರಿಗೆ ಅಂಥವನಿರಲಿಲ್ಲ. ಇದ್ದವನನ್ನು ಪರಕೀಯನೆಂದು ಹೊರನೂಕುವುದು ಸುಲಭವಾಗಿದ್ದಿತು. ಪರದೇಶದ ಚಳವಳಿಯು ಸ್ವದೇಶದ ಕಾರ್ಮಿಕನಿಗೆ ಬಲವಾಗುವುದೋ ಕಳಂಕವಾಗುವುದೋ ಎಂಬುದು ಅವನ ಸ್ವಂತ ಸಂಘಟನೆಯನ್ನು ಅವಲಂಬಿಸಿದೆಯೆಂದು ಇದರಿಂದ ತೋರುತ್ತದೆ.

ಯುರೋಪಿನಲ್ಲಿಯೂ ಭಯವು ತಗ್ಗಿದಂತೆ ಲೆಕ್ಕವು ತಿರುಗಿತು. 1919ರ ಆಗಸ್ಟಿನಲ್ಲಿ ಹಂಗೆರಿಯ ಸೋವಿಯೆತ್ ಬಿದ್ದಿತು. ಮರು ಆಗಸ್ಟಿನಲ್ಲಿ ಕೆಂಪು ದಂಡು ವಾರ್ಸಾದ ಬಾಗಿಲಿನಿಂದ ಹಿಮ್ಮೆಟ್ಟಿತು. 1920ರ ಕೊನೆಯಿಂದ ವ್ಯಾಪಾರವು ಕುಗ್ಗಿ ನಿರುದ್ಯೋಗ ಹೆಚ್ಚಿತು. ಇಂಗ್ಲೆಂಡಿನ ಗಣಿಗಳ ಕತೆಯೇ ಇದಕ್ಕೆ ಸಾಕ್ಷಿ. ಗಣಿಗಳನ್ನು ರಾಷ್ಟ್ರದ ಸ್ವತ್ತು ಮಾಡಬೇಕೆಂಬ ಸ್ಯಾಂಕಿಯ ಸಲಹೆಯನ್ನು ಸರಕಾರವು 1919ರ ಆಗಸ್ಟಿನಲ್ಲೇ ತಳ್ಳಿಹಾಕಿತು. 1921ರ ಮಾರ್ಚ್ 31ಕ್ಕೆ ಗಣಿಗಳನ್ನು ಒಡೆಯರಿಗೆ ಮರಳಿ ಒಪ್ಪಿಸಿತು; ಒಡೆಯರು ಕೂಲಿಯನ್ನು ಇಳಿಸಿ, ಒಪ್ಪದವರಿಗೆ ಬಾಗಿಲು ಮುಚ್ಚಿದರು. ನೆರವಿಗೆ ಬರುತ್ತೇವೆಂದಿದ್ದ ರೈಲ್ವೆಯವರೂ ಸಾಗಾಟದವರೂ ಎಪ್ರಿಲ್ 15ರಂದು ಹಿಂದೆಗೆದರು. ಆ ದಿನಕ್ಕೆ ಕರಾಳ ಶುಕ್ರವಾರವೆಂದು ಹೆಸರಾಯಿತು. 1926ರಲ್ಲಿ ಒಂಬತ್ತು ದಿನಗಳ ಸಾರ್ವತ್ರಿಕ ಮುಷ್ಕರವು ಮುರಿದು, ಅದೇ ವರುಷ ಏಳು ತಾಸು ಹೋಗಿ ಮತ್ತೆ ಎಂಟು ತಾಸು ಬಂದಿತು. ದೇಶದಲ್ಲೆಲ್ಲ 1921 ಮತ್ತು 1922ರಲ್ಲಿ ಹಣದ ಕೂಲಿಯು ನಾಲ್ಕರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ಬೆಲೆಗಳೂ ಇಳಿದುದರಿಂದ ಹೊಟ್ಟೆಗೆ ಅಷ್ಟು ಪೆಟ್ಟು ಬೀಳಲಿಲ್ಲವೆಂಬುದನ್ನೂ ಹೇಳಬೇಕು. ಜರ್ಮನಿಯಲ್ಲಿ ಕೂಲಿಯನ್ನು ಇಳಿಸುವ ತೊಂದರೆಯನ್ನು ಮಾಲಕರು ತೆಗೆದುಕೊಳ್ಳಬೇಕಾಗಲಿಲ್ಲ. ನಾಣ್ಯದ ಬೆಲೆಯೇ ನೆಲಕಚ್ಚಿ ಬೆಳಿಗ್ಗೆಯ ಕೂಲಿಯು ಸಂಜೆಗೆ ಕಾಗದವಾಗುತ್ತಿದ್ದಿತು. 1923ರ ಡಿಸೆಂಬರ 21ರ ಆಜ್ಞೆಯು ಎಂಟು ತಾಸನ್ನು ಹೆಸರಿಗೆ ಉಳಿಸಿ ಹತ್ತು ತಾಸಿನ ದುಡಿಮೆಗೆ ದಾರಿ ತೆರೆಯಿತು. ಇಟಲಿಯಲ್ಲಿ 1920ರ ಸೆಪ್ಟೆಂಬರದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕಾರಖಾನೆಗಳನ್ನೇ ಹಿಡಿದು ಕೂತು ಕೂಲಿಯ ಏರಿಕೆಯನ್ನು ಪಡೆದರು. ಎರಡು ವರುಷಗಳಲ್ಲಿ ಮುಸೊಲಿನಿಯು ಬಂದನು. ಹೆದರಿದವನು ಕೊಡುವುದೂ ಉಂಟು, ಹೊಡೆಯುವವನನ್ನು ಬಾಡಿಗೆಗೆ ತರುವುದೂ ಉಂಟು.

ಆದರೂ ಎಲ್ಲವೂ ಕೊಚ್ಚಿಹೋಗಲಿಲ್ಲ. ಇಂಗ್ಲೆಂಡಿನ ಗಣಿಗಳನ್ನು ಬಿಟ್ಟರೆ ಉಳಿದ ಕಡೆಗಳಲ್ಲಿ ಕಡಿಮೆಯಾದ ತಾಸುಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ಕೂಲಿಯ ಅಂಕೆಯನ್ನು ಪ್ರತಿವರುಷ ತಿದ್ದಬಹುದು. ಕಾಯಿದೆಯಾಗಿ, ರೂಢಿಯಾಗಿ, ಸಂಜೆಯ ಬಿಡುವಾಗಿ ಮನೆಯೊಳಗೆ ಬಂದುದನ್ನು ತೆಗೆಯುವುದು ಕಷ್ಟ. ಇನ್ನೂ ಒಂದು ವಸ್ತು ಉಳಿಯಿತು. ವರ್ಸೇಲ್ಸ್ ಕೌಲಿನ ಹದಿಮೂರನೆಯ ಭಾಗವಾಗಿ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೇ ಅದು. ಬಹುಜನರಿಗೆ ಅನ್ಯಾಯವೂ ಕೊರತೆಯೂ ಆದರೆ ಜಗತ್ತಿನ ಶಾಂತಿಗೇ ಅಪಾಯ ತಟ್ಟುವಷ್ಟು ಅಶಾಂತಿ ಹುಟ್ಟುವುದೆಂದು ಅದರ ಪೀಠಿಕೆಯು ಹೇಳುತ್ತದೆ. ಅದರ ಮೊದಲ ಪರಿಷತ್ತು 1919ರ ಅಕ್ಟೋಬರ 29ರಂದು ವಾಶಿಂಗ್ಟನ್ನಿನಲ್ಲಿ ಕೂಡಿತು. ಮೊದಲ ನಿರ್ಣಯವೇ ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು. ಅತಿಥಿಗಳನ್ನು ಕರೆದ ಅಮೇರಿಕಾವೂ, ಯಾರ ಭಯದಿಂದ ಈ ಮನೆ ಕಟ್ಟಿತೋ ಆ ರಷ್ಯಾವೂ 1934ರ ವರೆಗೆ ಅದರ ಸದಸ್ಯರಾಗಿರಲಿಲ್ಲವೆಂಬುದು ಒಂದು ವಿನೋದ.

ಎರಡನೆಯ ಮಹಾಯುದ್ಧದ ಬಳಿಕ ಇದೇ ನಾಟಕವು ದೊಡ್ಡ ರಂಗದ ಮೇಲೆ ನಡೆಯಿತು. ಅಮೇರಿಕಾದಲ್ಲಿ ಒಂದು ಕಡೆ, ಸಾಮ್ಯವಾದಿಯಲ್ಲವೆಂದು ಪ್ರತಿಜ್ಞಾಪತ್ರ ಬರೆದುಕೊಡದ ಮುಖಂಡರ ಸಂಘಗಳು ಸರಕಾರದ ರಕ್ಷಣೆಯನ್ನು ಕಳೆದುಕೊಳ್ಳುವಂತೆ 1947ರ ಕಾಯಿದೆಯು ಮಾಡಿತು. ಇನ್ನೊಂದು ಕಡೆ, 1950ರಲ್ಲಿ ಜನರಲ್ ಮೋಟರ್ಸ್ ಕಂಪನಿಯು ಮೋಟಾರು ಕೆಲಸಗಾರರ ಸಂಘದೊಡನೆ, ಬೆಲೆಗಳೊಡನೆ ಏರುವ ಕೂಲಿಯನ್ನೂ ವಿಶ್ರಾಂತಿ ವೇತನವನ್ನೂ ಒಪ್ಪಿ ಐದು ವರುಷಗಳ ಕರಾರು ಮಾಡಿಕೊಂಡಿತು. ಸೋವಿಯೆತ್ ರಾಜ್ಯವು 1991ರ ಡಿಸೆಂಬರದಲ್ಲಿ ಮುರಿದುಬಿದ್ದ ಮೇಲೆ ಕಾರ್ಮಿಕರ ಬಲವು ಕುಂದಿತೆಂದು ಹೇಳುವವರಿದ್ದಾರೆ. ಆದರೆ ಸಂಘಗಳ ಇಳಿಗಾಲವು ಇಂಗ್ಲೆಂಡು, ಅಮೇರಿಕಾಗಳಲ್ಲಿ ಅದಕ್ಕೆ ಹತ್ತು ವರುಷ ಮೊದಲೇ ಆರಂಭವಾಗಿದ್ದಿತು. ಆದುದರಿಂದ ಈ ವಾದವನ್ನು ಅರ್ಧಕ್ಕಿಂತ ಹೆಚ್ಚು ನಂಬುವುದು ಕಷ್ಟ.

ಇನ್ನು ಹಿಂದುಸ್ತಾನದ ಮಾತು. ವಾಶಿಂಗ್ಟನ್ನಿನ ಪರಿಷತ್ತಿಗೆ ಇಲ್ಲಿನ ಕಾರ್ಮಿಕರ ಪ್ರತಿನಿಧಿಯಾಗಿ ಎನ್. ಎಂ. ಜೋಶಿಯವರನ್ನು ಸರಕಾರವೇ ನೇಮಿಸಿ ಕಳುಹಿಸಿತು. ಮದ್ರಾಸಿನಲ್ಲಿ 1918ರಲ್ಲಿ ಕಾರ್ಮಿಕ ಸಂಘವನ್ನು ಕಟ್ಟಿದ ಬಿ. ಪಿ. ವಾಡಿಯಾ ಅವರೂ ಅಲ್ಲಿಗೆ ಹೋಗಿದ್ದರು. ಪ್ರತಿನಿಧಿಯನ್ನು ಆರಿಸುವುದಕ್ಕೆ ದೇಶವ್ಯಾಪಕವಾದ ಸಂಸ್ಥೆಯೊಂದು ಬೇಕೆಂಬ ಅಗತ್ಯವು, 1920ರ ಅಕ್ಟೋಬರ 31ರಂದು ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಹುಟ್ಟುವುದಕ್ಕೆ ಒಂದು ಕಾರಣವಾಯಿತು. ಎಂಟು ತಾಸಿನ ನಿರ್ಣಯದಲ್ಲಿ ಬ್ರಿಟಿಶ್ ಹಿಂದುಸ್ತಾನಕ್ಕೆ ಬೇರೆ ಕಲಮಿದ್ದಿತು: ವಾರಕ್ಕೆ 60 ತಾಸು. ಯುರೋಪಿನ ಕಾರ್ಮಿಕನ 48ಕ್ಕೂ ಇಲ್ಲಿನವನ 60ಕ್ಕೂ ಇರುವ ಅಂತರವು ಭಯದ ಅಂತರವೆಂದೇ ಹೇಳಬೇಕು. ಅಂದು ಇಲ್ಲಿಯ ಗಿರಣಿಯ ಆಳಿಗೆ ಹೆದರುವವರಿರಲಿಲ್ಲ. ಆದರೂ ದಿನಕ್ಕೆ ಹನ್ನೆರಡು ತಾಸು ನಡೆಯುತ್ತಿದ್ದ ಗಿರಣಿಗಳಿಗೆ 60 ತಾಸೆಂಬುದು ಸಣ್ಣ ಮಾತಲ್ಲ. 1922ರಲ್ಲಿ ಅದು ಕಾಯಿದೆಯಾಗಿ ಬಂದಿತು. ಬೆಳಗಾವಿ ಜಿಲ್ಲೆಯ ಗೋಕಾವಿಯ ನೂಲಿನ ಗಿರಣಿಯು ಮುಂಬಯಿ ಇಲಾಖೆಗೆ ಸೇರಿದ್ದುದರಿಂದ ಅಲ್ಲಿ ಅದು ಅನ್ವಯಿಸಿತು; ಮೈಸೂರು ಸಂಸ್ಥಾನದೊಳಗಿನ ಬೆಂಗಳೂರ ಗಿರಣಿಗಳಿಗೆ ಬ್ರಿಟಿಶರ ಕಾಯಿದೆ ತಾನಾಗಿ ಅನ್ವಯಿಸುವಂತಿರಲಿಲ್ಲ. ನೆಯ್ಗೆಯು ಒಂದೇ, ನುಡಿಯೂ ಒಂದೇ, ಕಾಯಿದೆ ಮಾತ್ರ ಎರಡು.

ಹೆದರುವ ಕಾಲವು ಇಲ್ಲಿಯೂ 1928ರಲ್ಲಿ ಬಂದಿತು. ಮುಂಬಯಿಯ ಗಿರಣಿಗಳ ಮುಷ್ಕರವು ಎಪ್ರಿಲಿನಿಂದ ಅಕ್ಟೋಬರದ ವರೆಗೆ ಆರು ತಿಂಗಳು ನಡೆಯಿತು. ಸಾಮ್ಯವಾದಿಗಳು ಮುಂದಾಗಿದ್ದ ಗಿರಣಿ ಕಾಮಗಾರ ಯೂನಿಯನ್ನು ಬಲಿಷ್ಠವಾಯಿತು. ಸರಕಾರವು ಎರಡು ಕೈಗಳಿಂದಲೂ ಉತ್ತರ ಕೊಟ್ಟಿತು. 1929ರ ಮಾರ್ಚ್ 20ರಂದು ಸಾಮ್ಯವಾದಿಗಳೆಂದೂ ಕಾರ್ಮಿಕ ಮುಂದಾಳುಗಳೆಂದೂ 31 ಮಂದಿಯನ್ನು ದೇಶದ ನಾನಾ ಕಡೆಗಳಲ್ಲಿ ಹಿಡಿದು ಮೀರತಿನಲ್ಲಿ ಮೊಕದ್ದಮೆ ಹೂಡಿತು. ಅವರಲ್ಲಿ ಒಬ್ಬನಾದ ಫಿಲಿಪ್ ಸ್ಪ್ರಾಟ್ ಎಂಬ ಆಂಗ್ಲೇಯನು ಮುಂದೆ ಸಾಮ್ಯವಾದವನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲಸಿ, 'ಮೈಸಿಂಡಿಯಾ' ಎಂಬ ವಾರಪತ್ರಿಕೆಯ ಸಂಪಾದಕನಾಗಿ ಆ ಪಂಥವನ್ನೇ ಕಟುವಾಗಿ ಟೀಕಿಸುತ್ತಿದ್ದನು. ಬಂಧನದ ನಾಲ್ಕು ತಿಂಗಳೊಳಗಾಗಿ, ಜುಲೈಯಲ್ಲಿ, ಅದೇ ಸಾಮ್ರಾಜ್ಯವು ಹಿಂದುಸ್ತಾನದ ಕಾರ್ಮಿಕರ ಸ್ಥಿತಿಯನ್ನು ವಿಚಾರಿಸಲು ಒಂದು ರಾಯಲ್ ಕಮಿಶನ್ನನ್ನು ನೇಮಿಸಿತು. ಅಧ್ಯಕ್ಷನಾದ ವ್ಹಿಟ್ಲಿಯು, 1917ರಲ್ಲಿ ಇಂಗ್ಲೆಂಡಿನ ಮಾಲಕ ಕಾರ್ಮಿಕರನ್ನು ಒಂದೇ ಮೇಜಿನ ಸುತ್ತ ಕೂಡಿಸುವ ಜಂಟಿ ಮಂಡಲಗಳಿಗೆ ಯಾರ ಹೆಸರು ಅಂಟಿತೋ ಆತನೇ. ಜೋಶಿಯವರೂ ಸದಸ್ಯರಾಗಿದ್ದರು. ವರದಿಯು 1931ರಲ್ಲಿ ಬಂದಿತು. ಮೀರತಿನ ತೀರ್ಪು 1933ರ ಜನವರಿಯಲ್ಲಿ ಬಂದಿತು. ವಾರದ ದುಡಿಮೆಯನ್ನು 54 ತಾಸಿಗೆ ಇಳಿಸಿದ ಕಾಯಿದೆಯು 1934ರಲ್ಲಿ ಬಂದಿತು. 1936ರಲ್ಲಿ ಕೂಲಿ ಬಟವಾಡೆಯ ಕಾಯಿದೆಯಾಗಿ, ಸಾವಿರಕ್ಕಿಂತ ಕಡಿಮೆ ಆಳುಗಳಿರುವ ಗಿರಣಿಯಲ್ಲಿ ಕೂಲಿಯ ಅವಧಿ ಮುಗಿದ ಏಳು ದಿನಗಳೊಳಗೂ ದೊಡ್ಡ ಗಿರಣಿಗಳಲ್ಲಿ ಹತ್ತು ದಿನಗಳೊಳಗೂ ಕೂಲಿಯನ್ನು ಕೈಗೆ ಕೊಡಬೇಕೆಂದೂ, ತಪ್ಪಿಗಾಗಿ ಹಾಕುವ ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದೆಂದೂ ಗೊತ್ತಾಯಿತು.